ಗೋಕಾಕದಿಂದ ಹೋದ ಬಸುರಿ ಮೀನು

ಘಟಪ್ರಭಾ

ನಾನು ಮೊದಲ ಸಲ ವಿಮಾನ ಹತ್ತಿದ್ದು ಒಂದು ಬಸುರಿ ಮೀನಿನ ಜೊತೆಗಾತಿಯಾಗಿ. ಹೀಗೆ ಹೇಳಿದರೆ ನನ್ನ ತವರು ಮಸಗುಪ್ಪಿಯ ಜನ ಇವತ್ತಿಗೂ ನಗುತ್ತಾರೆ. ನಗಲಿ ಬಿಡಿ. ಮೂವತ್ತು ವರ್ಷ ಘಟಪ್ರಭಾದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತಳಾದವಳಿಗೆ ಯಾರಾದರೂ ನಗುತ್ತಾರೆಂಬ ಅಂಜಿಕೆ ಉಳಿದಿರುವುದಿಲ್ಲ.

ಮೀನು ಅಂದರೆ ಜೀವಂತ ಮೀನಲ್ಲ, ಕಟ್ಟಿಗೆಯದು. ಮಾಡಿದವರು ಗೋಕಾಕದ ರುದ್ರಪ್ಪ ಕಾಕಾ. ಎಪ್ಪತ್ತು ದಾಟಿದ ಈ ಮನುಷ್ಯ ಹುಟ್ಟಿದಾರಭ್ಯ ಮಾಡಿದ್ದು ಗೊಂಬೆ ಮತ್ತು ಹಣ್ಣು. ಅವರ ಕಟ್ಟಿಗೆಯ ಪೇರಲಹಣ್ಣನ್ನು ನಮ್ಮ ಬೀಗರೊಬ್ಬರು ತಟ್ಟೆಯಿಂದ ಎತ್ತಿ ಕಚ್ಚಿಯೇಬಿಟ್ಟಿದ್ದರು. ಆ ಹಲ್ಲಿನ ಗುರುತು ಇನ್ನೂ ನಮ್ಮ ಪೇರಲದ ಮೇಲಿದೆ. ಕಾಕಾನಿಗೆ ಅದೇ ದೊಡ್ಡ ಪ್ರಶಸ್ತಿ. ಬಂದವರಿಗೆಲ್ಲ ನಮ್ಮ ಮನೆಗೆ ಹೋಗಿ ಆ ಹಣ್ಣು ನೋಡಿಕೊಂಡು ಬರಲು ಹೇಳುತ್ತಾರೆ.

ಮೀನು ಬೇಕೆಂದವಳು ನನ್ನ ಹಳೆಯ ವಿದ್ಯಾರ್ಥಿನಿ ಮಹಾದೇವಿ. ಊರು ಹುಕ್ಕೇರಿ ತಾಲ್ಲೂಕಿನ ಕಣಗಲಾ, ಆದರೆ ಘಟಪ್ರಭಾದಲ್ಲಿ ಸೋದರತ್ತೆಯ ಮನೆಯಲ್ಲಿದ್ದು ನಮ್ಮ ಶಾಲೆಯಲ್ಲಿ ಓದಿದವಳು. ಈಗ ಮಾಲ್ಡೀವ್ಸಿನ ಒಂದು ಸಣ್ಣ ದ್ವೀಪದ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಾಳೆ. ಒಂದು ಮುಂಜಾನೆ ಫೋನ್ ಮಾಡಿದಳು.

“ಅಕ್ಕೋರ, ನಮ್ಮ ಸಾಲಿಗೆ ಒಂದು ಶಾರ್ಕ್ ಬೇಕಾಗೇತ್ರಿ. ಇಲ್ಲಿ ಖರೇ ಶಾರ್ಕ್ ಹಿಡಿಯೂ ಹಂಗಿಲ್ಲ, ಕಾಯ್ದೆ ಐತಿ. ಪ್ಲಾಸ್ಟಿಕ್ಕಿನ ಶಾರ್ಕ್ ಸಿಗ್ತಾವ ಖರೆ, ಎಲ್ಲಾ ಸಿನಿಮಾದಾಗಿನ ಹಲ್ಲಕಿಸುವಂಥಾವು. ನನಗ ಬೇಕಾದದ್ದು ಬ್ಯಾರೇದು. ರುದ್ರಪ್ಪ ಕಾಕಾ ಮಾಡ್ತಾರೇನು ಕೇಳ್ರಿ.”

ಅವಳು ಹೇಳಿದ ಮೀನು ಆಳ ಸಮುದ್ರದ್ದು. ಬಿಸಿಲು ಇಳಿಯದ ಕತ್ತಲ ನೀರಿನಲ್ಲಿ ಬದುಕುತ್ತದೆ. ಬೆನ್ನಿನ ಮೇಲೆ ಎರಡು ರೆಕ್ಕೆ, ಒಂದೊಂದು ರೆಕ್ಕೆಯ ಮುಂದೆ ಒಂದೊಂದು ಮುಳ್ಳು. ಅಲ್ಲಿಯವರು ಅದಕ್ಕೆ ಕಶಿ ಮಿಯರು ಅನ್ನುತ್ತಾರಂತೆ, ಅಂದರೆ ಮುಳ್ಳು ಶಾರ್ಕ್. ಮೈಯಲ್ಲಿ ಒಂದೂ ಎಲುಬಿಲ್ಲ. ಅಸ್ಥಿಪಂಜರವೆಲ್ಲ ನಮ್ಮ ಕಿವಿಯ ಹಾಳೆಯಂಥ ಮೃದ್ವಸ್ಥಿ. ತೇಲಲು ಬೇರೆ ಮೀನುಗಳಿಗಿರುವ ಗಾಳಿಚೀಲವೂ ಇಲ್ಲ, ಬದಲಿಗೆ ಎಣ್ಣೆ ತುಂಬಿದ ಭಾರೀ ಪಿತ್ತಜನಕಾಂಗವಿದೆ. ಆ ಎಣ್ಣೆಯೇ ಅದಕ್ಕೆ ಮುಳುವಾಯಿತು. ಮಹಾದೇವಿ ಹುಟ್ಟುವ ಹೊತ್ತಿಗೆ ಆ ದ್ವೀಪದವರು ಎಣ್ಣೆಗಾಗಿ ಈ ಮೀನನ್ನು ಹಿಡಿದರು, ಹಿಡಿದರು, ಕೆಲವೇ ವರ್ಷಗಳಲ್ಲಿ ಗಾಳ ಖಾಲಿ ಬರತೊಡಗಿತು. ಯಾಕೆಂದರೆ ಇದು ಸಾವಿರ ಮೊಟ್ಟೆ ಇಡುವ ಮೀನಲ್ಲ. ದೊಡ್ಡದಾಗಿ ಗರ್ಭ ಕಟ್ಟಲು ಹದಿನೈದು ವರ್ಷದ ಮೇಲೆ ಬೇಕು. ಆಮೇಲೆ ಎರಡು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ಒಂದು ಮರಿ ಹಾಕುತ್ತದೆ, ಬಹಳ ಅಪರೂಪಕ್ಕೆ ಎರಡು.

“ಹೊಟ್ಟಿಗೆ ಒಂದು ಬಾಗಿಲ ಇರ್ಲಿ ಅಕ್ಕೋರ, ತೆಗದ್ರ ಒಳಗ ಮರಿ ಕಾಣಬೇಕು. ಒಂದ ಮರಿ. ಕಾಕಾಗ ಸ್ವಚ್ಛ ಹೇಳ್ರಿ, ಒಂದ.”

ಇಷ್ಟು ಒತ್ತಿ ಹೇಳಲು ಕಾರಣವಿತ್ತು. ಆ ಮೀನನ್ನು ಮತ್ತೆ ಹಿಡಿಯಲು ಪರವಾನಗಿ ಕೊಡಿ ಎಂದು ಊರಿನಲ್ಲಿ ಒಂದು ಅರ್ಜಿ ತಯಾರಾಗಿತ್ತು. ಮೊದಲ ಸಹಿ ಹಸನ್‌ಬೆ ಮಾಡಬೇಕೆಂದು ಎಲ್ಲರೂ ಕಾಯುತ್ತಿದ್ದರು. ಹಸನ್‌ಬೆ ಅಂದರೆ ಹಸನಣ್ಣ, ಊರಿನ ಹಿರಿಯ ಮೀನುಗಾರ. ಈ ಮೀನನ್ನು ಅವರಷ್ಟು ಹಿಡಿದವರು ಯಾರೂ ಇಲ್ಲ, ಮತ್ತು ಅರ್ಜಿ ಬರೆದವನು ಅವರ ಮಗನೇ. ಮುದುಕರು ಹೂಂ ಅಂದಿಲ್ಲ, ಒಲ್ಲೆ ಅಂದಿಲ್ಲ. ಊರ ಜನ ಶಾಲೆಯಲ್ಲಿ ಸೇರಿ ಸಹಿ ಮಾಡುವ ದಿನದೊಳಗೆ ನಮ್ಮ ಮೀನು ಅಲ್ಲಿರಬೇಕಿತ್ತು.

ನಾನು ಕಾಕಾನ ಮುಂದೆ ಫೋಟೋ, ಅಳತೆ ಎಲ್ಲ ಹರವಿ ಹೇಳಿದೆ. ಮೀನನ್ನು ಬಾಯಲ್ಲಿಡುವುದಿರಲಿ, ಸಂತೆಯಲ್ಲಿ ಮೀನಿನ ಸಾಲು ಬಂದರೆ ಸೆರಗು ಮೂಗಿಗೆ ಹಿಡಿಯುವವಳು ನಾನು. ಕಾಕಾನೂ ಲಿಂಗವಂತರೇ. ನಾವಿಬ್ಬರೂ ಸೇರಿ ಮೂರು ತಿಂಗಳು ಮೀನಿನ ಧ್ಯಾನ ಮಾಡಿದೆವು. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟಿನಲ್ಲಿ ಕಟ್ಟಿಗೆಪುಡಿ ಕಲಸಿ ಮೆತ್ತಿ, ಉಜ್ಜಿ, ಬೂದುಗಂದು ಬಣ್ಣ ಕೊಟ್ಟು ನಾಲ್ಕಡಿ ಉದ್ದದ ಮೀನು ಎದ್ದು ಕೂತಿತು. ಕಣ್ಣು ಹಸಿರು ಹೊಳೆಯಬೇಕು ಎಂದಿದ್ದಳು ಮಹಾದೇವಿ. ಕಾಕಾನ ಹೆಂಡತಿ ಗಂಗವ್ವ ತನ್ನ ಹಸಿರು ಬಳೆ ಒಡೆದು ಕೊಟ್ಟರು. ಆ ಗಾಜಿನ ಚೂರು ಸೇರಿಸಿ ಕಾಕಾ ಕಣ್ಣು ಕೂರಿಸಿದರು.

ಅದನ್ನು ಪಾರ್ಸಲ್ ಮಾಡಿ ಕಳಿಸಲು ಕಾಕಾ ಒಪ್ಪಲಿಲ್ಲ, ಜೊತೆಗೆ ನಾವಿಬ್ಬರೇ ಹೋಗುವುದೆಂದಾಯಿತು. ಹೊರಡುವ ದಿನ ಮೀನನ್ನು ಕೌದಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರು. ಹೊಟ್ಟೆಯ ಬಾಗಿಲ ಸಂದಿಗೆ ಕಾಕಾ ಅರಗು ಹಚ್ಚಿ ಮುಚ್ಚಿದ್ದರು.

“ಒಳಗ ಮರಿ ನೋಡ್ಲಿಲ್ಲಲ್ರಿ ನಾನು” ಅಂದೆ.

“ಬಸರಿ ಹೊಟ್ಟಿ ದಾರ್ಯಾಗ ತೆಗೀಬಾರ್ದು ಅಕ್ಕೋರ. ಅಲ್ಲೇ ಹೋಗಿ ತೆಗಿಯೂಣು.”

ಗಂಗವ್ವ ಸ್ಟೇಷನ್ನಿಗೆ ಬಂದು ಪೆಟ್ಟಿಗೆಗೆ ಕುಂಕುಮ ಹಚ್ಚಿದರು. “ಬಸರಿ ಹೆಣ್ಣಮಗಳು. ಬರೇ ಉಡಿಲೇ ಕಳಸಬಾರ್ದು ನೋಡ್ರಿ” ಎಂದು ನಕ್ಕರು. ಉಡಿ ತುಂಬಲು ಅಕ್ಕಿ, ಕುಬಸದ ಕಣ ಪೆಟ್ಟಿಗೆಯಲ್ಲಿ ಇಟ್ಟಿರಬೇಕು ಅಂದುಕೊಂಡು ನಾನೂ ನಕ್ಕೆ. ರೈಲು ಬಂತು, ಹತ್ತಿದೆವು.

ಮಾಲೆ

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಯಂತ್ರದೊಳಗೆ ಹೋದಾಗ ಪರದೆ ನೋಡುತ್ತಿದ್ದ ಹುಡುಗಿ ನನ್ನತ್ತ ತಿರುಗಿ ಐದು ಬೆರಳು ಬಿಡಿಸಿ ತೋರಿಸಿದಳು. ಐದು ನಿಮಿಷ ಕಾಯಬೇಕೇನೋ ಅಂತ ನಾನು ಬೆಂಚಿನ ಮೇಲೆ ಕೂತೆ. ಅವಳು ನಕ್ಕು ಪೆಟ್ಟಿಗೆ ಮುಂದೆ ಬಿಟ್ಟಳು. ಕಾಕಾ ಎಲ್ಲೋ ನೋಡುತ್ತಿದ್ದರು.

ವಿಮಾನದಲ್ಲಿ ಕಾಕಾನಿಗೆ ಕಿಟಕಿಯ ಪಕ್ಕದ ಸೀಟು ಕೊಟ್ಟು ಕೆಟ್ಟೆ. ಸಮುದ್ರ ಕಂಡದ್ದೇ ತಡ, “ಅಕ್ಕೋರ, ನೋಡ್ರಿ, ಇದಕ್ಕ ದಂಡೀನ ಇಲ್ಲಲ್ರಿ” ಎಂದು ನನ್ನ ತೋಳು ಹಿಡಿದವರು ಇಳಿಯುವ ತನಕ ಬಿಡಲಿಲ್ಲ. ಮಳೆಗಾಲದಲ್ಲಿ ಗೋಕಾಕ ಫಾಲ್ಸ್ ನೋಡಿ ನೀರಂದರೆ ಇಷ್ಟೇ ಅಂದುಕೊಂಡವರು ನಾವು. ಅಲ್ಲಿ ನೀರು ಮೈಮೇಲೆ ಬರುವಂತೆ ಗದ್ದಲ ಮಾಡುತ್ತದೆ. ಇಲ್ಲಿ ಅಷ್ಟು ನೀರು ಸುಮ್ಮನೆ ಮಲಗಿತ್ತು.

ಮಾಲ್ಡೀವ್ಸಿನ ರಾಜಧಾನಿ ಮಾಲೆಯ ವಿಮಾನ ನಿಲ್ದಾಣ ಇರುವುದೂ ಒಂದು ದ್ವೀಪದ ಮೇಲೆ. ಅಲ್ಲಿ ಕಸ್ಟಮ್ಸಿನ ಅಧಿಕಾರಿ ಪೆಟ್ಟಿಗೆ ತೆಗೆಸಿದ. ಕೌದಿ ಸರಿಸಿದ. ಹಸಿರು ಕಣ್ಣು ಅವನನ್ನು ನೋಡಿತು. ಅಯ್ಯೋ, ಎಂಥಾ ಹಾರಿಕೆ ಅಂತೀರಿ! ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಆಮೇಲೆ ಮುಖ ಗಂಟಿಕ್ಕಿ, ಈ ದೇಶದಲ್ಲಿ ಶಾರ್ಕ್ ಸಾಗಿಸುವುದು ಅಪರಾಧ, ನಿಮಗೆ ಗೊತ್ತೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಮೂವತ್ತು ವರ್ಷ ಕಾಪಿಟ್ಟ ಮಾಸ್ತರಿಕೆಯ ಇಂಗ್ಲಿಷ್ ಒಂದೂ ನಾಲಿಗೆಗೆ ಬರಲಿಲ್ಲ.

ಕಾಕಾ ಮುಂದೆ ಬಂದು ಮೀನಿನ ತಲೆಯ ಮೇಲೆ ಬೆರಳ ಗಂಟಿನಿಂದ ಟೊಕ್ ಟೊಕ್ ಬಡಿದರು. ಅಧಿಕಾರಿಯೂ ಬಡಿದು ನೋಡಿದ. ಮುಖ ಸಡಿಲಾಯಿತು. ಇನ್ನೊಬ್ಬನನ್ನು ಕರೆದ, ಅವನೂ ಬಡಿದ. ನಾಲ್ಕು ಮಂದಿ ಸೇರಿ ಬಾಗಿಲಿಗೆ ಬಂದ ಅತಿಥಿಗಳ ಹಾಗೆ ಬಡಿದರು. ಕೊನೆಗೆ ಒಬ್ಬ ಹೊಟ್ಟೆಯ ಅರಗು ನೋಡಿ ಇದನ್ನು ತೆಗೆಯಿರಿ ಅಂದ. ಕಾಕಾ ಅಡ್ಡ ನಿಂತು ಕೈಮುಗಿದರು. “ಬ್ಯಾಡ್ರಿ ಸಾಹೇಬ್ರ, ಬಸರಿ ಅದಾಳು.”

ಆಗ ನನ್ನ ಇಂಗ್ಲಿಷ್ ವಾಪಸ್ಸು ಬಂತು. ಇದು ಗರ್ಭಿಣಿ ಎಂದೆ. ಆ ಮನುಷ್ಯ ನನ್ನನ್ನೊಮ್ಮೆ, ಮೀನನ್ನೊಮ್ಮೆ, ಕಾಕಾನ ರುಮಾಲನ್ನೊಮ್ಮೆ ನೋಡಿ, ತಾನೇ ಕೌದಿಯನ್ನು ಮೆಲ್ಲಗೆ ಹೊದಿಸಿ ಕಳಿಸಿಕೊಟ್ಟ.

ದ್ವೀಪ

ಅಲ್ಲಿಂದ ಸ್ಪೀಡ್‌ಬೋಟು. ನಾಲ್ಕು ತಾಸಿನಲ್ಲಿ ನನ್ನ ಹೊಟ್ಟೆಯಲ್ಲಿದ್ದ ಅನ್ನವೆಲ್ಲ ಸಮುದ್ರಕ್ಕೆ ಸೇರಿತು. ಕಾಕಾ ಮಾತ್ರ ಪೆಟ್ಟಿಗೆ ತಬ್ಬಿಕೊಂಡು ಕಲ್ಲಿನಂತೆ ಕೂತಿದ್ದರು.

ಮಹಾದೇವಿ ದಡದಲ್ಲಿ ನಿಂತಿದ್ದಳು. ಕಾಲು ಮುಟ್ಟಿ ನಮಸ್ಕರಿಸಿ, “ಅಕ್ಕೋರ, ಎಷ್ಟ ಸೊರಗಿರಿ!” ಅಂದಳು. ನಾಲ್ಕು ತಾಸಿನ ಹಿಂದೆ ಬೇಕಾದಷ್ಟು ದಪ್ಪವಿದ್ದೆ ಎಂದು ಹೇಳುವ ತ್ರಾಣವೂ ನನ್ನಲ್ಲಿರಲಿಲ್ಲ.

ದ್ವೀಪ ಎಷ್ಟು ಸಣ್ಣದೆಂದರೆ, ಸಂಜೆ ವಾಕಿಂಗಿಗೆ ಹೊರಟರೆ ಊರೇ ಮುಗಿದು ಮತ್ತೆ ಅದೇ ಬಾಗಿಲಿಗೆ ಬರುತ್ತೇವೆ. ಬೀದಿಯಲ್ಲಿ ಬಿಳಿ ಉಸುಕು. ಹೆಂಗಸರು ಬೆಳಿಗ್ಗೆ ಅದನ್ನು ನಮ್ಮ ಅಂಗಳದ ಹಾಗೆ ಗುಡಿಸುತ್ತಾರೆ. ಮನೆಯ ಮುಂದೆ ಕಬ್ಬಿಣದ ಚೌಕಟ್ಟಿಗೆ ಬಲೆ ಹೆಣೆದ ಕುರ್ಚಿಗಳು ಸಾಲಾಗಿ ಇರುತ್ತವೆ. ಕೂತರೆ ನೆಲಕ್ಕೆ ಮುಟ್ಟುವಷ್ಟು ಜೋತುಬೀಳುತ್ತವೆ, ಏಳಬೇಕಾದರೆ ಇನ್ನೊಬ್ಬರು ಕೈ ಕೊಡಬೇಕು. ಹಾಗಾಗಿಯೇ ಏನೋ ಅಲ್ಲಿ ಯಾರೂ ಅವಸರದಿಂದ ಏಳುವುದಿಲ್ಲ. ಸುತ್ತ ಇಷ್ಟು ನೀರಿದ್ದೂ ಕುಡಿಯಲು ಮಳೆನೀರಿನ ಟಾಕಿಯೇ ಗತಿ. ನಮ್ಮ ಮೂಡಲಗಿ ಕಡೆಯ ಕಾಲುವೆ ನೀರು ನೆನಪಾಗಿ, ಮುಖ ತೊಳೆಯುವಾಗ ನಲ್ಲಿ ಅರ್ಧವೇ ತಿರುಗಿಸಿದೆ.

ಮರುದಿನ ಹಸನ್‌ಬೆಯವರ ಮನೆಯಿಂದ ಊಟಕ್ಕೆ ಕರೆ. ನಾವು ಮೀನು ತಿನ್ನುವುದಿಲ್ಲವೆಂದು ಮಹಾದೇವಿ ಮೊದಲೇ ಹೇಳಿದ್ದಳು. ಅವರ ಹೆಂಡತಿ ಕುಂಬಳಕಾಯಿಯ ಪಲ್ಯ, ಅನ್ನ, ತೆಂಗಿನ ಹಾಲಿನ ಸಾರು ಬಡಿಸಿದರು. ಕಾಕಾ ಸಾರಿನ ಬಟ್ಟಲು ಮೂಗಿನ ಹತ್ತಿರ ಒಯ್ದು ಹಾಗೇ ಇಳಿಸಿದರು. ಕೇಳಿದರೆ ಆ ತಾಯಿ ಬಹಳ ಸಂತೋಷದಿಂದ ಹೇಳಿದರು: ಇದರಲ್ಲಿ ಮೀನಿಲ್ಲ, ಮೀನು ಕುದಿಸಿ ತೆಗೆದ ನೀರಷ್ಟೇ. ಅವರ ಲೆಕ್ಕದಲ್ಲಿ ಅದು ಪಕ್ಕಾ ಸಸ್ಯಾಹಾರ. ನಾವು ಪಲ್ಯ, ಅನ್ನಕ್ಕೆ ನಮ್ಮ ಗಂಟಿನ ಕಟಕ ರೊಟ್ಟಿ, ಶೇಂಗಾ ಚಟ್ನಿ ಸೇರಿಸಿಕೊಂಡೆವು. ಚಟ್ನಿ ರುಚಿ ನೋಡಿದ ಹಸನ್‌ಬೆ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಂಡರು, ಆದರೂ ಮತ್ತೆ ಕೈ ಒಡ್ಡಿದರು. ಕೊನೆಗೆ ಕೊಟ್ಟ ಬೆಲ್ಲದ ಸಿಹಿ ಕರದಂಟನ್ನು ಮಾತ್ರ ಕೆಮ್ಮಿಲ್ಲದೆ ತಿಂದರು.

ಆ ಊಟದಲ್ಲೇ ಅವರ ಮಗ ಇಬ್ರಾಹಿಂನನ್ನು ಕಂಡದ್ದು. ಅವನನ್ನು ದುಷ್ಟ ಅಂತ ಕಲ್ಪಿಸಿಕೊಂಡು ಹೋಗಿದ್ದೆ. ನೋಡಿದರೆ ನಮ್ಮೂರ ಹುಡುಗರ ಹಾಗೆಯೇ, ತಾನೇ ಎದ್ದು ನಮಗೆ ನೀರು ತಂದುಕೊಟ್ಟ. ಸೂರೆ ಮೀನಿಗೆ, ಅಂದರೆ ಟ್ಯೂನಾಕ್ಕೆ, ದಿನದಿನಕ್ಕೆ ದೂರ ಹೋಗಬೇಕು, ಹೋದರೂ ಬರಿಗೈಯಲ್ಲಿ ಬರುವ ದಿನಗಳೇ ಹೆಚ್ಚು ಎಂದ. “ಇಪ್ಪತ್ತು ವರ್ಷದ ಮ್ಯಾಲ ಆತು ಯಾರೂ ಆ ಮುಳ್ಳು ಶಾರ್ಕ್ ಮುಟ್ಟಿಲ್ಲ. ಅದೂ ಮೀನಲ್ಲೇನು? ಈಗ ಕೆಳಗ ತುಂಬಿರಬೇಕು ಅಂತಾನ್ರಿ” ಎಂದು ಮಹಾದೇವಿ ನಮ್ಮ ಮಾತಿಗೆ ತಿರುಗಿಸಿದಳು. ಅವನು ಹೇಳಿದ್ದರಲ್ಲಿ ತಪ್ಪು ಕಾಣಲಿಲ್ಲ ನನಗೆ. ಇಪ್ಪತ್ತು ವರ್ಷ ಹೊಲ ಬೀಳು ಬಿಟ್ಟರೆ ನಾವೂ ಹಾಗೇ ಅನ್ನುತ್ತಿದ್ದೆವು. ಮುದುಕರು ಮಾತ್ರ ಬೆರಳಿಗೆ ಅಂಟಿದ ಬೆಲ್ಲ ನೆಕ್ಕುತ್ತ ಕೂತಿದ್ದರು.

ದೋಣಿಯ ಚಪ್ಪರ

ಊಟವಾದ ಮೇಲೆ ಹಸನ್‌ಬೆ ನಮ್ಮನ್ನು ದಡದ ಚಪ್ಪರಕ್ಕೆ ಕರೆದೊಯ್ದರು. ತೆಂಗಿನ ಗರಿಯ ಕೆಳಗೆ ಅವರ ಹಳೆಯ ದೋಣಿ ಮಗ್ಗುಲಾಗಿ ಮಲಗಿತ್ತು. ಹುಟ್ಟು ಹಾಕದೆ ಎಷ್ಟೋ ವರ್ಷವಾಗಿತ್ತು. ಕಾಕಾ ಅಂಥ ಕಟ್ಟಿಗೆ ನೋಡಿ ಸುಮ್ಮನಿರುವವರಲ್ಲ. ಹಲಗೆಯ ಮೇಲೆ ಅಂಗೈ ಆಡಿಸಿದರು, ಉಗುರು ಒತ್ತಿದರು, ಮೂಗು ಹಚ್ಚಿದರು.

“ಇಷ್ಟ ವರ್ಷ ಉಪ್ಪನೀರಾಗಿದ್ದು ಒಂದ ಹುಳಾ ಹೊಕ್ಕಿಲ್ಲಲ್ರಿ. ಏನ ಹಚ್ಚೀರಿ ಇದಕ್ಕ?”

ಮಹಾದೇವಿ ಕೇಳಿ ಹೇಳಿದಳು. “ಅದ ಮೀನಿನ ಎಣ್ಣಿ ಅಂತ್ರಿ. ವರ್ಷಾ ಹಚ್ಚತಿದ್ರಂತ.”

ಕಾಕಾ ಕೈ ತೆಗೆಯಲಿಲ್ಲ. ಇನ್ನೊಮ್ಮೆ ಮೂಸಿದರು. ನಾನೂ ಬಗ್ಗಿದೆ. ಮೀನಿನ ವಾಸನೆಗೆ ಮೂಗು ಮುಚ್ಚುವ ನನಗೆ ಅಲ್ಲಿ ಬಂದದ್ದು ಹಳೆಯ ಎತ್ತಿನ ಗಾಡಿಯ ಕೀಲಿನಂಥ ವಾಸನೆ.

ಚಪ್ಪರದ ನೆರಳಿನಲ್ಲೇ ಪೆಟ್ಟಿಗೆ ತೆಗೆದೆವು. ಆ ಮೀನನ್ನು ಕಣ್ಣಾರೆ ಕಂಡ ಮನುಷ್ಯ ಸರಿ ಅಂದರೆ ಮಾತ್ರ ಅದನ್ನು ಜನರ ಮುಂದಿಡುವುದೆಂದು ಮಹಾದೇವಿ ಮೊದಲೇ ನಿಶ್ಚಯಿಸಿದ್ದಳು. ಮುದುಕರು ಮೊಣಕಾಲೂರಿ ಕೂತು ಮೂತಿಯಿಂದ ಬಾಲದವರೆಗೆ ಬೆರಳಾಡಿಸಿದರು. ಬೆನ್ನಿನ ಮುಳ್ಳು ಹಿಡಿದು ತಲೆಯಾಡಿಸಿ, ತಮ್ಮ ಕಿರುಬೆರಳಿನ ಒಂದು ಗೆಣ್ಣು ತೋರಿಸಿದರು. ಅಷ್ಟು ಕಡಿಮೆ ಆಗಬೇಕು. ಕಾಕಾನ ಮುಖ ಬಿಗಿಯಿತು. ಐವತ್ತು ವರ್ಷದ ಕೈಗೆ ಯಾರೂ ತಿದ್ದುಪಡಿ ಹೇಳಿರಲಿಲ್ಲ.

“ಅಳತಿ ನೀವ ಕೊಟ್ಟದ್ದ್ರಿ ಅಕ್ಕೋರ” ಎಂದು ನನ್ನ ಮೇಲೆ ಸಿಡುಕಿ, ಉಜ್ಜುಕಾಗದ ತೆಗೆದು ಮುಳ್ಳು ಉಜ್ಜಲು ಕೂತರು.

ಬೆರಳು ಮರಳಿ ಕಣ್ಣಿನ ಹತ್ತಿರ ಬಂದಾಗ ಹಸನ್‌ಬೆ ನಿಂತರು. ಅಂಗೈಯಿಂದ ಬೆಳಕು ಮರೆಮಾಡಿ ನೋಡಿದರು, ಕೈ ತೆಗೆದು ನೋಡಿದರು. ಆಮೇಲೆ ಬಹಳ ಹೊತ್ತು ಮಾತಾಡಿದರು. ಮಹಾದೇವಿ ತಡೆ ತಡೆದು ಹೇಳಿದಳು.

“ಇದ ಬಣ್ಣ ಅಂತ್ರಿ. ಗಾಳದ ಹಗ್ಗ ಸುತ್ತತಾ ಸುತ್ತತಾ ಕೈ ಸೋಲ್ತಿತ್ತಂತ, ಅಷ್ಟ ಆಳ. ಕರೀ ನೀರಾಗ ಮೊದಲ ಎರಡು ಹಸರ ದೀಪ ಕಾಣತಿದ್ದುವಂತ, ಆಮ್ಯಾಲ ಮೀನಂತ. ದೋಣ್ಯಾಗ ಹಾಕಿದ ಮ್ಯಾಲ ಆ ದೀಪ ಆರತಿತ್ತಂತ್ರಿ.”

ಅಷ್ಟು ಹೇಳಿ ಅವರು ಎದ್ದುಹೋದರು. ಹೊಟ್ಟೆಯ ಬಾಗಿಲು ತೆಗೆಯಲು ಕೇಳಲೇ ಇಲ್ಲ. ಮೀನು ಸರಿಯಿದೆ ಎಂದರೋ ಇಲ್ಲವೋ ಎಂದು ಕೇಳಿದರೆ ಮಹಾದೇವಿಯೂ ಭುಜ ಹಾರಿಸಿ, ಕಣ್ಣಿನ ಬಣ್ಣ ಒಪ್ಪಿದ್ದೇ ಸಾಕು ಎಂದಳು. ಸಮುದ್ರ ಅದರ ಪಾಡಿಗೆ ದಡಕ್ಕೆ ಬಂದು ಹೋಗುತ್ತಿತ್ತು.

ಸಾಲಿ

ಶುಕ್ರವಾರದ ನಮಾಜು ಮುಗಿಸಿ ಜನ ಶಾಲೆಯ ಅಂಗಳಕ್ಕೆ ಬಂದರು. ನಮ್ಮಲ್ಲಿ ಸಭೆ ಅಂದರೆ ಹಾರ, ಮೈಕು, ಸ್ವಾಗತ ಭಾಷಣ, ಅಧ್ಯಕ್ಷರ ದಾರಿ ಕಾಯುವುದು. ಅಲ್ಲಿ ಅದೇನೂ ಇಲ್ಲ. ಬಂದರು, ಕೂತರು, ಎದುರಿನ ಮೇಜಿನ ಮೇಲೆ ಒಂದು ಕಡೆ ಮೀನು, ಒಂದು ಕಡೆ ಅರ್ಜಿಯ ಕಾಗದ. ಕಾಗದ ಹಾರದಂತೆ ಇಬ್ರಾಹಿಂ ಅದರ ಮೇಲೆ ಒಂದು ಕವಡೆ ಇಟ್ಟ.

ಮಹಾದೇವಿ ಅವರ ಭಾಷೆಯಲ್ಲಿ ಮೀನಿನ ವಿಷಯ ಹೇಳತೊಡಗಿದಳು. ಕಣಗಲಾದ ಹುಡುಗಿ ಆ ಮಾತನ್ನು ಅಷ್ಟು ಸಲೀಸಾಗಿ ಆಡುವುದು ಕೇಳಿ ನನ್ನ ಎದೆ ತುಂಬಿತು. ಮಕ್ಕಳು ಕಿವಿ ಹಿಡಿದು ಮಡಚಿ ನೋಡಿಕೊಂಡರು. ಎಲುಬಿಲ್ಲದ ಮೈಯ ಪಾಠ ಬಂತೆಂದು ನನಗೂ ತಿಳಿಯಿತು. ಕೊನೆಗೆ ಅವಳು ಒಂದು ಬೆರಳು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು, ಕಾಕಾನತ್ತ ತಿರುಗಿ ಬಾಗಿಲು ತೆಗೆಯಿರಿ ಅಂದಳು.

ಕಾಕಾ ಸಣ್ಣ ಚಾಕುವಿನಿಂದ ಅರಗು ಬಿಡಿಸಿದರು. ಬಾಗಿಲು ತೆರೆಯಿತು.

ಒಳಗೆ ಐದು ಮರಿ. ಹಾಗಲಕಾಯಿಯಷ್ಟುದ್ದದವು, ಒಂದರ ಪಕ್ಕ ಒಂದು, ಅಕ್ಕಿಯ ಮೇಲೆ ಸಾಲಾಗಿ ಮಲಗಿದ್ದವು. ಹತ್ತು ಸಣ್ಣ ಹಸಿರು ಕಣ್ಣು.

ಮಹಾದೇವಿಯ ಬೆರಳು ಇನ್ನೂ ಮೇಲೆಯೇ ಇತ್ತು. ಮಕ್ಕಳು ಮೊದಲು ನಕ್ಕರು, ಆಮೇಲೆ ದೊಡ್ಡವರು. ಹಿಂದಿನಿಂದ ಯಾರೋ ಕೂಗಿ ಏನೋ ಅಂದರು, ಇಬ್ರಾಹಿಂ ಕೈ ಅಗಲಿಸಿ ಉತ್ತರ ಕೊಟ್ಟ. ಭಾಷೆ ಬಾರದಿದ್ದರೂ ನನಗೆ ಅರ್ಥವಾಯಿತು. ನೋಡಿ, ಐದು ಹಾಕುತ್ತದೆ, ಮತ್ತೇನು ಚಿಂತೆ! ಆ ಹುಡುಗಿ ತಿಂಗಳುಗಟ್ಟಲೆ ಕಟ್ಟಿದ್ದನ್ನು ನಾವಿಬ್ಬರು ಮುದುಕರು ಸಾವಿರ ಮೈಲಿ ಬಂದು ಒಂದು ಗಳಿಗೆಯಲ್ಲಿ ಕೆಡವಿದ್ದೆವು.

“ಏನ ಮಾಡಿಟ್ರಿ ಕಾಕಾ! ಒಂದ ಅಂತ ಎಷ್ಟ ಸಲ ಹೇಳೇನಿ ನಿಮಗ!” ಅಂದೆ.

ಕಾಕಾನ ಮುಖ ಸಣ್ಣದಾಗಿತ್ತು. “ಉಡ್ಯಾಗ ಒಂದ ಹ್ಯಾಂಗ ಇಡೂದ್ರಿ ಅಕ್ಕೋರ? ಮೊದಲ ಒಂದ ಮಾಡಿದ್ದೆ. ಗಂಗಾ ಒಲ್ಲೆ ಅಂದ್ಳು. ನನಗೂ ಕೈ ಬರ್ಲಿಲ್ಲ. ಮತ್ತ ಮೀನಿಗೆ ಒಂದ ಮರಿ ಅಂದ್ರ... ನೀವು ನಮೂನೆಕ್ಕ ಒಂದು ಅಂದೀರಿ ಅಂತ ತಿಳದೆ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸುರಿಗೆ ಉಡಿ ತುಂಬುವಾಗ ಐದು ಅಡಿಕೆ, ಐದು ಅರಿಶಿನ ಕೊಂಬು, ಐದು ಉತ್ತತ್ತಿ. ಒಂದೇ ಇಟ್ಟರೆ ನೋಡಿದವರು ಏನೆಂದಾರು? ಮಹಾದೇವಿಗೂ ಅದು ಗೊತ್ತು, ಅವಳ ಸಿಟ್ಟು ಅರ್ಧದಲ್ಲೇ ನಿಂತಿತು. ಕಣ್ಣಲ್ಲಿ ಮಾತ್ರ ನೀರು ಬಂತು.

ಆಗ ಹಸನ್‌ಬೆ ಎದ್ದು ಬಂದು ಏನೆಂದು ಕೇಳಿದರು. ಅವಳು ಉಡಿಯ ಕಥೆ ಪೂರ್ತಿ ಹೇಳಿದಳು. ಮುದುಕರು ಕಾಕಾನ ಮುಖ ನೋಡಿ ಮೊದಲ ಸಲ ನಕ್ಕರು. ನಗುತ್ತಲೇ ಹೊಟ್ಟೆಯೊಳಗೆ ಕೈಹಾಕಿ ಒಂದು ಮರಿ ತೆಗೆದು ಮೇಜಿನ ಮೇಲಿಟ್ಟರು. ಇನ್ನೊಂದು ತೆಗೆದರು. ಮೂರನೆಯದರ ಹೊತ್ತಿಗೆ ನಗು ಹೋಗಿತ್ತು. ನಾಲ್ಕನೆಯದನ್ನೂ ಇಟ್ಟು ಜನರತ್ತ ತಿರುಗಿದರು. ಮಹಾದೇವಿ ನಮ್ಮ ಕಿವಿಯ ಹತ್ತಿರ ಮೆಲ್ಲಗೆ ಹೇಳುತ್ತ ಹೋದಳು.

“‘ಇಷ್ಟು ಇದ್ದಿದ್ರ ನಾವು ಅದನ್ನ ಮುಗಸಾಕ ಆಗ್ತಿರಲಿಲ್ಲ’ ಅಂತಾರ್ರಿ. ‘ದೋಣ್ಯಾಗ ಹೊಟ್ಟಿ ಸೀಳಿದವ ನಾನು. ಒಂದ ಇರತಿತ್ತು. ಎಣ್ಣಿ ತುಂಬಿಕೊಂಡು ಮರೀನ ನೀರಿಗೆ ಬಿಡತಿದ್ದೆ, ಬದುಕೀತು ಅಂತ. ಅದರ ಹೊಟ್ಟಿಗೆ ಇನ್ನೂ ಹಳದೀ ಚೀಲ ಅಂಟಿಕೊಂಡಿರತಿತ್ತು, ಬಲತಿರಲಿಲ್ಲ. ಕೆಳಗ ಹೋಗಾಕ ಅದಕ್ಕ ಬರತಿರಲಿಲ್ಲ. ನನ್ನ ದೋಣಿ ಬಾಜೂಕ ತೇಲಕೋಂತ ಬರತಿತ್ತು. ಇದನ್ನ ನನ್ನ ಮಗಗೂ ಹೇಳಿಲ್ಲ’ ಅಂತಾರ.”

ಅವರು ಮೇಜಿನ ಮೇಲಿನ ನಾಲ್ಕು ಮರಿಗಳನ್ನು ಒಂದೊಂದಾಗಿ ಇಬ್ರಾಹಿಂನ ಅಂಗೈಗೆ ಕೊಟ್ಟರು. ಏನೋ ಒಂದೇ ಮಾತು ಹೇಳಿದರು.

“ಏನಂದ್ರು?” ಕಾಕಾ ಕೇಳಿದರು.

“‘ಕೆಳಗ ತುಂಬ್ಯಾವ ಅಂದೆಲ್ಲ, ಅವು ಇವ. ಇವು ಎಂದೂ ಹುಟ್ಟಿಲ್ಲ’ ಅಂದ್ರು.”

ಇಬ್ರಾಹಿಂ ಅಂಗೈ ನೋಡುತ್ತ ನಿಂತ. ಹಸನ್‌ಬೆ ಕಾಗದ ಎತ್ತಿಕೊಳ್ಳಲಿಲ್ಲ, ಹರಿಯಲಿಲ್ಲ, ಅದರತ್ತ ನೋಡಲೂ ಇಲ್ಲ. ಸಹಿ ಮಾಡದೆ ತಮ್ಮ ಜಾಗಕ್ಕೆ ಹೋಗಿ ಕೂತರು. ಆಮೇಲೆ ಒಬ್ಬೊಬ್ಬರೇ ಎದ್ದು ಮೀನಿನ ಹತ್ತಿರ ಬಂದು, ಹೊಟ್ಟೆಯಲ್ಲಿ ಉಳಿದ ಒಂದನ್ನು ನೋಡಿ ಮನೆಗೆ ಹೋದರು.

ನನಗೆ ನೆಮ್ಮದಿಯಾಯಿತು, ಕಾಕಾನಿಗೆ ಆಗಲಿಲ್ಲ. ಐದು ಕೂರಿಸಲು ಅವರು ಮರಿಗಳನ್ನು ಸಣ್ಣವಾಗಿ ಮಾಡಿದ್ದರು. ನಿಜವಾದ ಮರಿ ಎಷ್ಟು ದೊಡ್ಡದೆಂದು ಸಂಜೆ ಹಸನ್‌ಬೆಯನ್ನೇ ಕೇಳಿದರು. ಮುದುಕರು ಬೆರಳ ತುದಿಯಿಂದ ಮೊಣಕೈವರೆಗೆ ತೋರಿಸಿ ಚಪ್ಪರಕ್ಕೆ ಹೋದರು. ಬರುವಾಗ ಕೈಯಲ್ಲಿ ಹಳೆಯ ದೋಣಿಯ ಒಂದು ಹಲಗೆತುಂಡು ಇತ್ತು.

ಮುಂದಿನ ಎರಡು ಹಗಲು ಇಬ್ಬರೂ ಆ ಚಪ್ಪರದಲ್ಲೇ ಕೂತರು. ಒಬ್ಬರ ಮಾತು ಒಬ್ಬರಿಗೆ ಬಾರದು. ಕಾಕಾ ಕೆತ್ತಿ ತೋರಿಸುವರು, ಹಸನ್‌ಬೆ ಹೂಂ ಅನ್ನುವರು ಇಲ್ಲವೇ ಬೆರಳಿಟ್ಟು ತಿದ್ದುವರು. ಈ ಸಲ ಕಾಕಾ ಒಮ್ಮೆಯೂ ಸಿಡುಕಲಿಲ್ಲ. ಗಟ್ಟಿ ಕಟ್ಟಿಗೆ, ಉಳಿ ಎರಡು ಸಲ ಮಸೆಯಬೇಕಾಯಿತು. ಕೆತ್ತಿದಂತೆಲ್ಲ ಒಳಗಿನಿಂದ ಆ ಎಣ್ಣೆಯ ವಾಸನೆ ಬರುತ್ತಿತ್ತು. ಮರಿಗೆ ಬಣ್ಣ ಹಚ್ಚುವುದು ಬೇಡವೆಂದು ಇಬ್ಬರೂ ಕೈಸನ್ನೆಯಲ್ಲೇ ನಿಶ್ಚಯಿಸಿದರು. ಕೊನೆಗೆ ಅದನ್ನು ತಾಯಿಯ ಹೊಟ್ಟೆಯಲ್ಲಿಟ್ಟವರು ಹಸನ್‌ಬೆ. ಇಟ್ಟು ಬಾಗಿಲು ತಾವೇ ಮುಚ್ಚಿದರು, ಮುಚ್ಚಿದ ಮೇಲೂ ಕೈ ಅಲ್ಲಿಯೇ ಇತ್ತು.

ಗೋಕಾಕ

ಊರಿಗೆ ಬಂದು ಎಂಟು ದಿನದ ಮೇಲೆ ಕಾಕಾನ ಮನೆಗೆ ಹೋದೆ. ದಾರಿಯಲ್ಲೇ ಮಹಾದೇವಿಯ ಫೋನ್ ಬಂದಿತ್ತು. ಅರ್ಜಿಯ ಮೇಲೆ ಇನ್ನೂ ಒಂದೂ ಸಹಿ ಬಿದ್ದಿಲ್ಲವಂತೆ. ಮಕ್ಕಳು ದಿನಾ ಬಾಗಿಲು ತೆಗೆದು ಮರಿಯನ್ನು ಮೂಸಿ ನೋಡುತ್ತಾರಂತೆ. ಮುಂದೆ ಏನಾಗುವುದೋ ಹೇಳಲು ಬರುವುದಿಲ್ಲ ಅಕ್ಕೋರ ಎಂದಳು. ನಾನೂ ಹೆಚ್ಚು ಕೇಳಲಿಲ್ಲ.

ಪಡಸಾಲೆಯಲ್ಲಿ ಕಾಕಾ ಒಂದು ಸೀತಾಫಲಕ್ಕೆ ಬಣ್ಣ ಹಚ್ಚುತ್ತಿದ್ದರು. ಹಣ್ಣುಗಳ ನಡುವೆ ಮಣೆಯ ಮೇಲೆ ಐದು ಸಣ್ಣ ಮೀನು ಸಾಲಾಗಿದ್ದವು. ಹೊರಡುವ ದಿನ ಇಬ್ರಾಹಿಂ ತನ್ನ ಕೈಯಲ್ಲಿದ್ದ ನಾಲ್ಕನ್ನೂ ತಂದು ಕಾಕಾನ ಚೀಲದಲ್ಲಿ, ಹೊಸ ಮರಿಗಾಗಿ ಹೊಟ್ಟೆಯಿಂದ ತೆಗೆದಿದ್ದ ಐದನೆಯದರ ಜೊತೆ, ಇಟ್ಟಿದ್ದ.

ಗಂಗವ್ವನಿಗೆ ಅವನ್ನು ಕಂಡರೆ ಸಮಾಧಾನವಿಲ್ಲ. ಚಹಾ ಕೊಡುತ್ತ ನನ್ನನ್ನೇ ಕೇಳಿದರು.

“ಉಡ್ಯಾಗ ಹಾಕಿದ್ದನ್ನ ಯಾರರ ಹೊಳ್ಳಿ ತರ್ತಾರೇನ್ರಿ ಅಕ್ಕೋರ? ಇವರು ಕೇಳಿದ್ರ ಹೇಳೂದಿಲ್ಲ.”

“ಆ ಮೀನಿಗೆ ಒಂದ ಮರಿ ಆಗೂದ್ರಿ ಗಂಗವ್ವ. ಎರಡ ವರ್ಷ ಹೊತ್ತು, ಒಂದ.”

ಗಂಗವ್ವ ಕೈಯಲ್ಲಿದ್ದ ಬಸಿಯನ್ನು ಕೆಳಗಿಟ್ಟು ಮಣೆಯತ್ತ ತಿರುಗಿದರು.

“ಎರಡ ವರ್ಷಕ್ಕ ಒಂದ? ಹಂಗಾದ್ರ ಅದನ್ನ ಭಾಳ ಜ್ವಾಕಿ ಮಾಡಬೇಕಲ್ರಿ ಮತ್ತ!” ಎಂದರು, ಅದೇನು ಯಾರಿಗಾದರೂ ಹೇಳಿಕೊಡಬೇಕಾದ ಮಾತೇ ಎಂಬಂತೆ.